ತಪಾಸಣೆಯೊಂದೇ ಸಾಲದು: ಪ್ರಾಧ್ಯಾಪಕ ರಿಚರ್ಡ್ ಲಾಕ್ ಅವರ ಸಂಶೋಧನೆಯಿಂದ ಬೆಳೆಗಾರರಿಗೆ ಪಾಠ



ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಅನೇಕರು ಈಚೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಕಾಫಿ ಕೊಳ್ಳುವವರಿಗೆ ಕಾಫಿಯ ಗುಣ ಮುಖ್ಯ. ಲೈನ್ ಮನೆಗೆ ಪಾಯಿಖಾನೆ ಇದೆಯೇ, ಔಷಧಿ ಹೊಡೆಯುವವನ ಕೈಗೆ ಗವುಸು ಇದೆಯೇ, ಹಾಜರಿ ಪುಸ್ತಕಕ್ಕೆ ಸಹಿ ಬಿದ್ದಿದೆಯೇ ಎಂಬುದೆಲ್ಲ ಅವರಿಗೇಕೆ? ಕೇಳಿದ್ದಕ್ಕೆಲ್ಲ ಉತ್ತರ ಬರೆದು ಪ್ರಮಾಣಪತ್ರ ಪಡೆದರೆ ನಮಗೇನು ಲಾಭ?" ಪ್ರಶ್ನೆ ನ್ಯಾಯವಾದುದೇ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಮ್ಮ ಸಣ್ಣ ಬೆಳೆಗಾರರು ಗುಂಪಾಗಿ ಪ್ರಮಾಣಪತ್ರ ಪಡೆಯುವ ವಿಷಯ ಚರ್ಚೆಗೆ ಬರಲಿದೆ. ಕೈ ಎತ್ತುವ ಮೊದಲು ವಿಷಯವನ್ನು ತಿಳಿದುಕೊಳ್ಳುವುದು ಒಳ್ಳೆಯದೆಂದು ಈ ಲೇಖನ.

ಈ ಪ್ರಶ್ನೆಯನ್ನೇ ಜೀವಮಾನದ ಅಧ್ಯಯನ ಮಾಡಿಕೊಂಡ ಒಬ್ಬ ವಿದ್ವಾಂಸರಿದ್ದಾರೆ. ಅಮೆರಿಕದ ಪ್ರಾಧ್ಯಾಪಕ ರಿಚರ್ಡ್ ಲಾಕ್. ಅವರು ಕಾಫಿಯ ತಜ್ಞರಲ್ಲ, ರಾಜ್ಯಶಾಸ್ತ್ರದವರು. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದು ಅಲ್ಲಿಯೇ ಅಧ್ಯಾಪಕರಾದರು. 2013ರಲ್ಲಿ ಬ್ರೌನ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ ಪ್ರೊವೋಸ್ಟ್ ಹುದ್ದೆಯವರೆಗೆ ಏರಿದರು. 2025ರಲ್ಲಿ ಹಳೆಯ ಸಂಸ್ಥೆಗೇ ಮರಳಿ ಅಲ್ಲಿನ ಸ್ಲೋನ್ ವ್ಯವಹಾರ ಶಾಲೆಯ ಡೀನ್ ಆದರು. ಅಂಗಿ, ಬೂಟು, ಕಂಪ್ಯೂಟರುಗಳ ಕಾರ್ಖಾನೆಗಳಲ್ಲಿ ಅವರು ಕಂಡ ಸಂಗತಿಗಳು ನಮ್ಮ ತೋಟಕ್ಕೆ ಎಷ್ಟು ಹತ್ತಿರವಾಗಿವೆ ಎಂಬುದನ್ನು ಮುಂದೆ ನೋಡೋಣ.

ಸರಪಳಿ ಎಂದರೇನು?

ಪೂರೈಕೆ ಸರಪಳಿ ಎಂಬ ಮಾತು ದೊಡ್ಡದಾಗಿ ಕೇಳಿಸಿದರೂ ವಿಷಯ ನಮಗೆ ಗೊತ್ತಿರುವುದೇ. ಗಿಡದಿಂದ ಕೊಯ್ದ ಹಣ್ಣು ಪಲ್ಪರಿಗೆ ಬರುತ್ತದೆ. ಅಲ್ಲಿಂದ ಕಣಕ್ಕೆ, ಕಣದಿಂದ ಪಾರ್ಚ್‌ಮೆಂಟ್ ಆಗಿ ಕ್ಯೂರಿಂಗ್ ವರ್ಕ್ಸಿಗೆ, ಅಲ್ಲಿಂದ ರಫ್ತುದಾರರಿಗೆ, ಹಡಗಿಗೆ, ಪರದೇಶದಲ್ಲಿ ಹುರಿಯುವವರಿಗೆ, ಅಂಗಡಿಗೆ, ಕೊನೆಗೆ ಕುಡಿಯುವವರ ಲೋಟಕ್ಕೆ. ಇದರ ಒಂದೊಂದು ಕೈಯೂ ಒಂದೊಂದು ಕೊಂಡಿ. ಸರಪಳಿಯ ಆ ತುದಿಯಲ್ಲಿರುವವನಿಗೆ ಈ ತುದಿಯಲ್ಲಿರುವವನ ಮುಖ ಗೊತ್ತಿಲ್ಲ. ಗೊತ್ತಿಲ್ಲದವನ ಮೇಲೆ ನಂಬಿಕೆ ಇಡುವುದು ಹೇಗೆ ಎಂಬುದೇ ಮೂಲ ಪ್ರಶ್ನೆ. ಲಾಕ್ ಅವರು ಹಿಡಿದುಕೊಂಡದ್ದೂ ಇದನ್ನೇ.

ಎಮ್ಮೆ ಹಾಲಿನ ಗಿಣ್ಣು, ಕರಬೂಜದ ನೊಣ

ಲಾಕ್ ಅವರ ಮೊದಲ ಕೆಲಸ ಇಟಲಿ ದೇಶದ ಆರ್ಥಿಕ ಜೀವನದ ಮೇಲೆ. ಆ ಕುರಿತು 1995ರಲ್ಲಿ ಒಂದು ಗ್ರಂಥ ಬಂದಿತು. ಆಮೇಲೆ 2001ರಲ್ಲಿ ನಂಬಿಕೆಯನ್ನು ಕಟ್ಟುವುದು ಹೇಗೆ ಎಂಬ ವಿಷಯವಾಗಿ ಒಂದು ಪ್ರಬಂಧ ಬರೆದರು. ಸಹಕಾರಿಗಳಾದ ನಮಗೆ ಅವರ ಬರಹಗಳಲ್ಲಿ ಇದೇ ಹೆಚ್ಚು ಹತ್ತಿರವಾದುದು.

ದಕ್ಷಿಣ ಇಟಲಿಯ ಕಂಪಾನಿಯ ಪ್ರಾಂತದಲ್ಲಿ ಎಮ್ಮೆಯ ಹಾಲಿನಿಂದ ಮೊಜರೆಲ್ಲಾ ಎಂಬ ಗಿಣ್ಣನ್ನು ಮಾಡುತ್ತಾರೆ. ಎಮ್ಮೆ ಹಾಲಿಗೆ ಹಸುವಿನ ಹಾಲು ಬೆರೆಸಿದರೆ ಖರ್ಚು ಕಡಿಮೆ. ಒಬ್ಬ ಬೆರೆಸಿದರೆ ಪಕ್ಕದವನಿಗೂ ಬೆರೆಸುವ ಆಸೆ, ಎಲ್ಲರೂ ಬೆರೆಸಿದರೆ ಊರಿನ ಸರಕಿಗೇ ಕೆಟ್ಟ ಹೆಸರು. 1981ರಲ್ಲಿ ಉತ್ಪಾದಕರು ಸೇರಿ ಒಂದು ರಕ್ಷಣಾ ಸಂಘ ಕಟ್ಟಿದರು. ತಮಗೆ ತಾವೇ ನಿಯಮ ಹಾಕಿಕೊಂಡು, ಪರೀಕ್ಷೆಗೆ ಒಳಪಟ್ಟು, ಸರ್ಕಾರದ ಮಾನ್ಯತೆ ಪಡೆದು, 1996ರಲ್ಲಿ ಯೂರೋಪಿನ ಪ್ರದೇಶ ಗುರುತನ್ನೂ ಗಳಿಸಿದರು. ನಮ್ಮ ಚಿಕ್ಕಮಗಳೂರು, ಕೊಡಗು, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೂ ಶಿರಸಿ ಅಡಿಕೆಗೂ 2019ರಲ್ಲಿ ದೊರೆತ ಭೌಗೋಳಿಕ ಗುರುತು ಇದೇ ಜಾತಿಯದು.

ಎರಡನೆಯ ಉದಾಹರಣೆ ಬ್ರೆಜಿಲ್ ದೇಶದ ಈಶಾನ್ಯ ಭಾಗದ ಕರಬೂಜ ಬೆಳೆಗಾರರದು. ಹಣ್ಣಿನ ನೊಣದ ಭಯದಿಂದ ಅಮೆರಿಕದ ಮಾರುಕಟ್ಟೆ ಅವರ ಹಣ್ಣಿಗೆ ಬಾಗಿಲು ಹಾಕಿತ್ತು. ನೊಣಕ್ಕೆ ಬೇಲಿ ಗೊತ್ತಿಲ್ಲ. ದೊಡ್ಡ ಜಮೀನ್ದಾರ ತನ್ನ ಹೊಲವನ್ನು ಎಷ್ಟೇ ಚೊಕ್ಕವಾಗಿಟ್ಟರೂ ಪಕ್ಕದ ಬಡವನ ಹೊಲದಲ್ಲಿ ನೊಣವಿದ್ದರೆ ಇಬ್ಬರದೂ ಹೋಯಿತು. ಆದ್ದರಿಂದ ದೊಡ್ಡವರೂ ಸಣ್ಣವರೂ ಸೇರಿ ಒಂದು ಸಮಿತಿ ಕಟ್ಟಿದರು. ಪ್ರದೇಶದಲ್ಲೆಲ್ಲ ನೊಣದ ಬೋನುಗಳನ್ನಿಟ್ಟು ಲೆಕ್ಕ ತೆಗೆದು, ತಮ್ಮ ಪ್ರದೇಶದಲ್ಲಿ ನೊಣವಿಲ್ಲವೆಂದು ತೋರಿಸಿ ಬಾಗಿಲು ತೆರೆಸಿದರು.

1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಯಿಕೊರಕ ಮೊದಲು ಕಾಣಿಸಿ, ಅಲ್ಲಿಂದ ನಮ್ಮ ಜಿಲ್ಲೆಗಳಿಗೂ ಹರಡಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉದುರಿದ ಹಣ್ಣನ್ನು ಹೆಕ್ಕದೆ ಬಿಟ್ಟ ಒಂದು ತೋಟ ಸುತ್ತಲಿನ ಹತ್ತು ತೋಟಗಳಿಗೆ ಹುಳವನ್ನು ಹಂಚುತ್ತದೆ.

ಲಾಕ್ ಅವರ ತೀರ್ಮಾನ ಸರಳವಾದುದು. ನಂಬಿಕೆ ಎಂಬುದು ಒಂದು ಊರಿಗೆ ಹಿರಿಯರಿಂದ ಬಂದ ಆಸ್ತಿಯಲ್ಲ, ಅದನ್ನು ಕಟ್ಟಬಹುದು. ಮೊದಲು ಪ್ರತಿಯೊಬ್ಬನ ಸ್ವಂತ ಲಾಭ ಅವನನ್ನು ಸಭೆಗೆ ಕರೆತರುತ್ತದೆ. ಆಮೇಲೆ ಸರ್ಕಾರದ ಆಸರೆ ಬೇಕು. ಕೊನೆಗೆ, ಸದಸ್ಯರು ಒಬ್ಬರನ್ನೊಬ್ಬರು ನೋಡಿಕೊಳ್ಳುವ ತಮ್ಮದೇ ಏರ್ಪಾಡು ಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಕಟ್ಟಡ ನಿಲ್ಲದು.

ಬೂಟಿನ ಕಂಪೆನಿಯ ಪಾಠ

ನೈಕಿ ಎಂಬ ಅಮೆರಿಕದ ಕಂಪೆನಿ ಬೂಟು, ಅಂಗಿ ಮಾರುತ್ತದೆ. ಅವುಗಳನ್ನು ಹೊಲಿಯುವವರು ಹತ್ತಾರು ದೇಶಗಳ ಗುತ್ತಿಗೆ ಕಾರ್ಖಾನೆಗಳವರು. 1990ರ ದಶಕದಲ್ಲಿ ಆ ಕಾರ್ಖಾನೆಗಳ ಕಡಿಮೆ ಕೂಲಿ, ಬಲವಂತದ ಹೆಚ್ಚುವರಿ ದುಡಿಮೆಗಳ ಸುದ್ದಿ ಹೊರಬಿದ್ದಿತು. 1996ರಲ್ಲಿ ಪಾಕಿಸ್ತಾನದಲ್ಲಿ ಕಾಲ್ಚೆಂಡು ಹೊಲಿಯುತ್ತಿದ್ದ ಬಾಲಕನೊಬ್ಬನ ಚಿತ್ರ ಅಮೆರಿಕದ ಪತ್ರಿಕೆಯಲ್ಲಿ ಬಂದಾಗ ಗಿರಾಕಿಗಳು ಸಿಟ್ಟಾದರು. 1998ರ ಮೇ ತಿಂಗಳಲ್ಲಿ ಕಂಪೆನಿಯ ಮುಖ್ಯಸ್ಥ ಫಿಲ್ ನೈಟ್ ಅವರು ಬಹಿರಂಗವಾಗಿ ತಪ್ಪೊಪ್ಪಿಕೊಂಡು, ಕೆಲಸಗಾರರ ಕನಿಷ್ಠ ವಯಸ್ಸನ್ನು ಏರಿಸುವುದಾಗಿಯೂ ತಪಾಸಣೆಯನ್ನು ಬಿಗಿಗೊಳಿಸುವುದಾಗಿಯೂ ಮಾತುಕೊಟ್ಟರು.

ಕಂಪೆನಿ ತಪಾಸಣೆಗಾಗಿ ಸಾಕಷ್ಟು ಹಣ ಸುರಿಯಿತು. ಇದರಿಂದ ಕೆಲಸಗಾರನ ಸ್ಥಿತಿ ಸುಧಾರಿಸಿತೇ? ಲಾಕ್ ಅವರು ಆ ಕಂಪೆನಿಯ ತಪಾಸಣಾ ಕಡತಗಳನ್ನೇ ಕೇಳಿ ಪಡೆದರು. 51 ದೇಶಗಳ 800ಕ್ಕೂ ಹೆಚ್ಚು ಕಾರ್ಖಾನೆಗಳ, 1998ರಿಂದ 2005ರವರೆಗಿನ ದಾಖಲೆಗಳನ್ನು ಸಹೋದ್ಯೋಗಿಗಳೊಡನೆ ಪರಿಶೀಲಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ತಪಾಸಣೆಯೊಂದರಿಂದಲೇ ಆದ ಸುಧಾರಣೆ ಅಲ್ಪ. ಕೆಲವು ಕಾರ್ಖಾನೆಗಳು ಇದ್ದಂತೆಯೇ ಇದ್ದವು, ಕೆಲವು ಇನ್ನೂ ಕೆಟ್ಟವು. ದೇಶದ ಕಾನೂನು ಗಟ್ಟಿಯಾಗಿದ್ದಲ್ಲಿ, ಕಂಪೆನಿಯವರು ಕಾರ್ಖಾನೆಗೆ ಹೋಗಿಬಂದು ಹತ್ತಿರದ ಸಂಬಂಧ ಇಟ್ಟುಕೊಂಡಿದ್ದಲ್ಲಿ ಮಾತ್ರ ಸ್ಥಿತಿ ಉತ್ತಮವಾಗಿತ್ತು.

ಅದೇ ವರ್ಷ ಅವರು ಇನ್ನೊಂದು ಅಧ್ಯಯನ ಪ್ರಕಟಿಸಿದರು. ಮೆಕ್ಸಿಕೋ ದೇಶದ ಎರಡು ಅಂಗಿ ಕಾರ್ಖಾನೆಗಳು ತಪಾಸಣೆಯಲ್ಲಿ ಹೆಚ್ಚುಕಡಿಮೆ ಒಂದೇ ಅಂಕ ಪಡೆದಿದ್ದವು. ಸ್ವತಃ ಹೋಗಿ ನೋಡಿದರೆ ಎರಡಕ್ಕೂ ಅಜಗಜಾಂತರ. ಒಂದರಲ್ಲಿ ಕೆಲಸಗಾರರು ತಂಡಗಳಾಗಿ ದುಡಿಯುತ್ತಿದ್ದರು, ಹಲವು ಕೆಲಸ ಕಲಿತಿದ್ದರು, ದಿನದ ಗುರಿಯನ್ನು ನಿಶ್ಚಯಿಸುವುದರಲ್ಲಿ ಅವರ ಮಾತಿಗೂ ಬೆಲೆಯಿತ್ತು. ಕೂಲಿಯೂ ಹೆಚ್ಚು. ಇನ್ನೊಂದರಲ್ಲಿ ಕೂಲಿ ಕಡಿಮೆ, ಬಲವಂತದ ಹೆಚ್ಚುವರಿ ದುಡಿಮೆ, ಮಾತೆತ್ತುವಂತಿಲ್ಲ. ಸ್ವಾರಸ್ಯವೆಂದರೆ, ಹೆಚ್ಚು ಕೂಲಿ ಕೊಟ್ಟ ಕಾರ್ಖಾನೆಯಲ್ಲೇ ಒಂದು ಅಂಗಿಗೆ ಬೀಳುವ ಖರ್ಚು ಕಡಿಮೆಯಾಗಿತ್ತು! ತಪಾಸಣೆಯ ಪಟ್ಟಿ ಈ ವ್ಯತ್ಯಾಸವನ್ನು ಹಿಡಿಯಲೇ ಇಲ್ಲ.

ನಮ್ಮ ತೋಟದ ಒಂದು ಮಾತು

ಇದನ್ನು ಓದಿದಾಗ ನನಗೆ ನನ್ನ ತೋಟವೇ ನೆನಪಾಯಿತು. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ತಪಾಸಣೆಗೆ ನಾನೂ ಹೆಸರು ಕೊಟ್ಟಿದ್ದೆ. ಅಧಿಕಾರಿ ಬರುವ ಹಿಂದಿನ ದಿನ ಪೇಟೆಗೆ ಹೋಗಿ ಗವುಸು, ಮುಖಕವಚ, ಗಂಬೂಟು ತಂದೆ. ರಾತ್ರಿ ಕುಳಿತು ರೈಟರೂ ನಾನೂ ಔಷಧಿ ಸಿಂಪಡಣೆಯ ಪುಸ್ತಕವನ್ನು ಮೂರು ತಿಂಗಳ ಹಿಂದಿನಿಂದ ತುಂಬಿದೆವು. ಮಾರನೆಯ ದಿನ ಅಧಿಕಾರಿ ನೋಡಿದರು, ಗುರುತು ಹಾಕಿಕೊಂಡರು, ಊಟಮಾಡಿ ಹೋದರು. ಗಂಬೂಟು ಹಾಕಿಕೊಂಡಿದ್ದ ಆಳು ಸಂಜೆ ಬಂದು, "ಅಯ್ಯಾ, ಇದು ನಾಳೆಗೂ ಇರ್ತದಾ, ಇವತ್ತಿಗೆ ಮಾತ್ರವಾ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಸಾಮಾನು ಪೆಟ್ಟಿಗೆ ಸೇರಿತು. ಪ್ರಮಾಣಪತ್ರ ಗೋಡೆ ಸೇರಿತು.

ಇಲ್ಲಿ ಅಧಿಕಾರಿಯ ತಪ್ಪಿಗಿಂತ ನನ್ನ ತಪ್ಪು ದೊಡ್ಡದು. ಆದರೆ ಒಂದೇ ದಿನದಲ್ಲಿ ನೋಡಿ ಮುಗಿಸುವ ಏರ್ಪಾಡು ನಮ್ಮೆಲ್ಲರಿಗೂ ಇದನ್ನೇ ಕಲಿಸುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾದ ಹುಡುಗನ ವಿದ್ಯೆಯಂತೆ ಅದು.

ಎಲ್ಲ ಸಲವೂ ಇದು ನಗೆಯ ಮಾತಾಗಿ ಮುಗಿಯುವುದಿಲ್ಲ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಒಂದು ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಮಂದಿ ಸತ್ತರು. ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಅಂತರರಾಷ್ಟ್ರೀಯ ಪ್ರಮಾಣಪತ್ರ ದೊರೆತಿತ್ತು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಮಿಕ್ಕಿ ಜನ ಸತ್ತರು. ಅದರೊಳಗಿದ್ದ ಕೆಲವು ಕಾರ್ಖಾನೆಗಳಿಗೂ ತಪಾಸಣೆ ನಡೆದಿತ್ತು. ಕಾಗದ ಸರಿಯಿತ್ತು, ಗೋಡೆ ಸರಿಯಿರಲಿಲ್ಲ.

ಕಾರಣ ಎಲ್ಲಿದೆ?

ಅದೇ 2013ರಲ್ಲಿ ಲಾಕ್ ಅವರ ಮುಖ್ಯ ಗ್ರಂಥ ಪ್ರಕಟವಾಯಿತು. ಖಾಸಗಿ ಕಂಪೆನಿಗಳ ಸ್ವಯಂಪ್ರೇರಿತ ನಿಯಮಗಳಿಂದ ಎಷ್ಟು ಸಾಧ್ಯ, ಎಷ್ಟು ಅಸಾಧ್ಯ ಎಂಬುದೇ ಅದರ ವಿಷಯ. ಅದರಿಂದಲೂ ಅವರ ಇತರ ಬರಹಗಳಿಂದಲೂ ಮೂರು ಮಾತುಗಳನ್ನು ಎತ್ತಿ ಹೇಳಬಹುದು.

ಮೊದಲನೆಯದು, ತಪ್ಪಿನ ಬೇರು ಎಷ್ಟೋ ಸಲ ಕೊಳ್ಳುವವನ ಕಡೆಯೇ ಇರುತ್ತದೆ. ಕಂಪೆನಿಯ ಒಂದು ವಿಭಾಗ ಕಾರ್ಖಾನೆಗೆ ಬಂದು ಹೆಚ್ಚುವರಿ ದುಡಿಮೆ ಕೂಡದು ಎನ್ನುತ್ತದೆ. ಇನ್ನೊಂದು ವಿಭಾಗ ಕೊನೆಯ ಗಳಿಗೆಯಲ್ಲಿ ಬೇಡಿಕೆ ಬದಲಾಯಿಸಿ, ಬೆಲೆ ಇಳಿಸಿ, ವಾಯಿದೆ ಕಡಿಮೆ ಮಾಡುತ್ತದೆ. ಕಾರ್ಖಾನೆಯವನು ಎರಡನ್ನೂ ಪಾಲಿಸಲಾರ. ಒಂದು ಕಡೆ ತೊಟ್ಟಿಲು ತೂಗಿ ಇನ್ನೊಂದು ಕಡೆ ಮಗುವನ್ನು ಚಿವುಟಿದ ಹಾಗಾಯಿತು.

ಎರಡನೆಯದು, ಹೆದರಿಸುವ ತಪಾಸಣೆಗಿಂತ ಕೂಡಿ ಕೆಲಸ ಮಾಡುವ ತಪಾಸಣೆ ಮೇಲು. 2009ರ ಒಂದು ಪ್ರಬಂಧದಲ್ಲಿ ಅವರು ಇದನ್ನು ತೋರಿಸಿದ್ದಾರೆ. ತಪ್ಪಿಗೆ ಗುರುತು ಹಾಕಿ ಹೋಗುವ ಅಧಿಕಾರಿಯ ಬದಲು, ತಪ್ಪು ಏಕಾಯಿತು ಎಂದು ಕುಳಿತು ವಿಚಾರಿಸಿ ತಿದ್ದಲು ದಾರಿ ತೋರಿಸುವ ಅಧಿಕಾರಿ ಬಂದಲ್ಲಿ ಸುಧಾರಣೆ ಕಂಡಿತು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 11 ದೇಶಗಳ 300ಕ್ಕೂ ಹೆಚ್ಚು ಕಾರ್ಖಾನೆಗಳದು. ಅಲ್ಲಿ ಕೆಲಸದ ಕ್ರಮವನ್ನೇ ಉತ್ತಮಪಡಿಸಿದಾಗ, ಮುಖ್ಯವಾಗಿ ಕೂಲಿ ಮತ್ತು ಕೆಲಸದ ವೇಳೆಗೆ ಸಂಬಂಧಿಸಿದ ನಿಯಮಭಂಗ ನೂರಕ್ಕೆ 15ರಷ್ಟು ಅಂಶ ಇಳಿಯಿತು. ಆದರೆ ಆರೋಗ್ಯ, ಸುರಕ್ಷತೆಯ ವಿಷಯದಲ್ಲಿ ಪರಿಣಾಮ ಕಾಣಲಿಲ್ಲ. ಅದಕ್ಕೆ ಬೇರೆಯದೇ ಪ್ರಯತ್ನ ಬೇಕು.

ಮೂರನೆಯದು, ಸರ್ಕಾರವನ್ನು ಬದಿಗಿಟ್ಟು ಕಂಪೆನಿಗಳಿಂದಲೇ ನ್ಯಾಯ ಬರದು. ಕಾನೂನು ಮತ್ತು ಖಾಸಗಿ ನಿಯಮ ಒಂದಕ್ಕೊಂದು ಹೆಗಲು ಕೊಡಬೇಕು.

ಲಾಭವುಂಟೇ ಎಂಬ ಪ್ರಶ್ನೆಗೂ ಲೆಕ್ಕವಿದೆ. 36 ದೇಶಗಳ 2,000ಕ್ಕೂ ಹೆಚ್ಚು ಉತ್ಪಾದಕರ ವಿಷಯವಾಗಿ ಲಾಕ್ ಮತ್ತು ಅವರ ಸಹೋದ್ಯೋಗಿ 2018ರಲ್ಲಿ ಪ್ರಕಟಿಸಿದ ಪ್ರಕಾರ, ನಿಯಮ ಪಾಲನೆಯ ಮಟ್ಟ ಮುಟ್ಟಿದವರಿಂದ ವರ್ಷದ ಖರೀದಿ ಸರಾಸರಿ ನೂರಕ್ಕೆ 4ರಷ್ಟು ಹೆಚ್ಚಿತು. ಹೆಚ್ಚಳ ಬಹುಪಾಲು ಬಟ್ಟೆ ಉದ್ಯಮದಲ್ಲಿ. ಲಾಭ ಇದೆ, ಆದರೆ ಹೊನ್ನಿನ ಮಳೆ ಸುರಿಯುವುದಿಲ್ಲ. ಪ್ರಮಾಣಪತ್ರ ಪಡೆದರೆ ಸಾಲವೆಲ್ಲ ತೀರುತ್ತದೆ ಎಂದು ಯಾರಾದರೂ ಹೇಳಿದರೆ ಸದಸ್ಯರು ನಂಬಬಾರದು.

ನಮಗೆ ಇದು ಈಗ ಏಕೆ?

ಭಾರತದ ಕಾಫಿಯ ಬಹುಪಾಲು ರಫ್ತಾಗುತ್ತದೆ. ಅದರಲ್ಲಿ ದೊಡ್ಡ ಪಾಲು ಯೂರೋಪಿಗೆ, ಅದರಲ್ಲೂ ಇಟಲಿಗೆ. 1996ರಲ್ಲಿ ಮಂಡಳಿಯ ಪೂಲ್ ಪದ್ಧತಿ ಪೂರ್ತಿಯಾಗಿ ಹೋದ ಮೇಲೆ ನಮಗೂ ಆ ಮಾರುಕಟ್ಟೆಗೂ ನಡುವೆ ಗೋಡೆಯಿಲ್ಲ. ಅರೇಬಿಕಾಕ್ಕೆ ನ್ಯೂಯಾರ್ಕಿನಲ್ಲೂ ರೊಬಸ್ಟಾಕ್ಕೆ ಲಂಡನ್ನಿನಲ್ಲೂ ಕಟ್ಟಿದ ಬೆಲೆ ನಮ್ಮ ಅಂಗಳಕ್ಕೆ ಬರುತ್ತದೆ. ಗಾಳಿ ಮಾತ್ರವಲ್ಲ, ಆ ಕಡೆಯ ಕಾನೂನೂ ಬರುತ್ತದೆ.

ಯೂರೋಪಿನ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆಯುವ ಒಂದು ಕಾಯಿದೆ ಮಾಡಿತು. 2020ರ ಡಿಸೆಂಬರ್ 31ರ ಅನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿ ಮಾರಾಟವಾಗಬಾರದು. ಬೆಳೆದ ಜಾಗ ಯಾವುದೆಂದು ಅಕ್ಷಾಂಶ ರೇಖಾಂಶಗಳ ಸಮೇತ ತಿಳಿಸಬೇಕು. 4 ಹೆಕ್ಟೇರಿಗೆ ಮೇಲ್ಪಟ್ಟ ತುಂಡಿಗೆ ಸುತ್ತಳತೆಯ ನಕ್ಷೆಯೇ ಬೇಕು, ಅದಕ್ಕಿಂತ ಚಿಕ್ಕದಕ್ಕೆ ಒಂದು ಬಿಂದು ಸಾಕು. 2024ರ ಕೊನೆಗೆ ಅನ್ವಯವಾಗಬೇಕಿದ್ದ ಈ ಕಾಯಿದೆ ಎರಡು ಸಲ ಮುಂದೆ ಹೋಯಿತು. ಮುಂದೆ ಹೋಯಿತೆಂದು ಮರೆಯುವಂತಿಲ್ಲ. ಅಡಿಕೆ ಇದರ ವ್ಯಾಪ್ತಿಗೆ ಬರುವುದಿಲ್ಲ, ಆದರೆ ನಮ್ಮಲ್ಲಿ ಎಷ್ಟೋ ಮಂದಿಯದು ಎರಡೂ ಬೆಳೆಯ ತೋಟ.

ಕಾರ್ಮಿಕರ ವಿಷಯದಲ್ಲೂ ನಾವು ಯೋಚಿಸಬೇಕು. 1951ರ ತೋಟ ಕಾರ್ಮಿಕರ ಕಾಯಿದೆ 5 ಹೆಕ್ಟೇರಿಗಿಂತ ಸಣ್ಣ ತೋಟಗಳಿಗೆ ಸಾಮಾನ್ಯವಾಗಿ ಅನ್ವಯಿಸುತ್ತಿರಲಿಲ್ಲ. ಆದ್ದರಿಂದ ಸರ್ಕಾರದ ಇನ್‌ಸ್ಪೆಕ್ಟರು ನಮ್ಮ ಬಹುಪಾಲು ಸದಸ್ಯರ ಗೇಟಿಗೆ ಬಂದದ್ದೇ ಇಲ್ಲ. ಈಗ ಕೊಯ್ಲಿಗೆ ಅಸ್ಸಾಮಿನಂಥ ದೂರದ ರಾಜ್ಯದಿಂದಲೂ ಸಂಸಾರ ಸಮೇತ ಜನ ಬರುತ್ತಾರೆ. ಅವರಿಗೆ ನಮ್ಮ ಭಾಷೆ ಬಾರದು, ತಕ್ಕಡಿ ಓದಲು ಬಾರದು. ಯಾರೂ ನೋಡದ ಕಡೆ ನ್ಯಾಯವಾಗಿ ನಡೆಯುವ ಹೊಣೆ ನಮ್ಮ ಮೇಲೆಯೇ ಇದೆ.

ಸಂಘ ಏನು ಮಾಡಬಹುದು?

ಲಾಕ್ ಅವರ ಪಾಠವನ್ನು ನಮ್ಮ ಸ್ಥಿತಿಗೆ ಹೊಂದಿಸಿ ಆಡಳಿತ ಮಂಡಳಿಯ ಮುಂದೆ ಈ ಸಲಹೆಗಳನ್ನಿಟ್ಟಿದ್ದೇನೆ. ಸದಸ್ಯರು ಯೋಚಿಸಿ ಸಭೆಗೆ ಬರಬೇಕೆಂದು ಪ್ರಾರ್ಥನೆ.

1. ಹೊರಗಿನವರ ತಪಾಸಣೆಗೆ ಮುಂಚೆ ನಮ್ಮ ನಮ್ಮಲ್ಲೇ ನೋಡಿಕೊಳ್ಳುವ ಪದ್ಧತಿ ಬರಲಿ. ಹತ್ತು ತೋಟಗಳಿಗೆ ಒಂದು ತಂಡ. ವರ್ಷಕ್ಕೆ ಎರಡು ಸಲ, ಒಮ್ಮೆ ಮಳೆಗಾಲದಲ್ಲಿ ಬೋರ್ಡೋ ಸಿಂಪಡಿಸುವಾಗ, ಒಮ್ಮೆ ಕೊಯ್ಲಿನಲ್ಲಿ, ಒಬ್ಬರು ಇನ್ನೊಬ್ಬರ ತೋಟಕ್ಕೆ ಹೋಗಲಿ. ಗುರುತು ಹಾಕಲು ಅಲ್ಲ, ತಿದ್ದಲು.

2. ಪುಸ್ತಕವನ್ನು ಆಯಾ ದಿನವೇ ಬರೆಯೋಣ. ಔಷಧಿಯ ಹೆಸರು, ಅಳತೆ, ಹೊಡೆದವನ ಹೆಸರು ಇಷ್ಟು ಸಾಕು. ಖಾಲಿ ಬಿಟ್ಟ ಪುಟ ಸುಳ್ಳು ತುಂಬಿದ ಪುಟಕ್ಕಿಂತ ಮೇಲು.

3. ಹಣ್ಣು ತೂಗುವಾಗ ಕೊಯ್ದವರ ಎದುರಿಗೇ ತೂಗಿ, ತೂಕವನ್ನು ಗಟ್ಟಿಯಾಗಿ ಹೇಳಿ, ಚೀಟಿ ಕೊಡೋಣ. ತಕ್ಕಡಿಯನ್ನು ಕೊಯ್ಲಿಗೆ ಮುಂಚೆ ಸಂಘದ ತೂಕದ ಕಲ್ಲಿನಿಂದ ಪರೀಕ್ಷಿಸಿಕೊಳ್ಳಬಹುದು.

4. ಗವುಸು, ಮುಖಕವಚಗಳನ್ನು ಸಂಘವೇ ಸಗಟಿನಲ್ಲಿ ತರಿಸಿ ಅಸಲಿಗೆ ಕೊಡಲಿ. ಅಡಿಕೆ ಮರ ಹತ್ತುವ ಕೊನೆಗಾರರ ಅಪಘಾತ ವಿಮೆಯೂ ಇದರೊಡನೆ ಸೇರಲಿ.

5. ತೋಟದ ಅಕ್ಷಾಂಶ ರೇಖಾಂಶಗಳನ್ನು ಪಹಣಿಯೊಡನೆ ಹೊಂದಿಸಿ ಸಂಘದ ಕಡತದಲ್ಲಿ ಇಡೋಣ. ಪಾಲುಪಟ್ಟಿ ಆಗದ ಜಮೀನು ಇರುವವರು ಈಗಲೇ ತಿಳಿಸಬೇಕು. ಈ ಮಾಹಿತಿ ಸಂಘದ ಸೊತ್ತಾಗಿರಲಿ, ಕೇಳಿದವರಿಗೆಲ್ಲ ಬಿಟ್ಟಿ ಹಂಚುವುದು ಬೇಡ.

6. ಕೊಳ್ಳುವವರಿಗೆ ನಾವೂ ಪ್ರಶ್ನೆ ಕೇಳೋಣ. ತಪಾಸಣೆಯ ಖರ್ಚು ಯಾರದು? ಹೆಚ್ಚುವರಿ ಬೆಲೆ ಎಷ್ಟು, ಎಷ್ಟು ವರ್ಷಕ್ಕೆ? ಹಣ ಎಷ್ಟು ದಿನದೊಳಗೆ? ನಮ್ಮನ್ನು ತೂಗುವ ತಕ್ಕಡಿಯಲ್ಲಿ ಅವರೂ ಕೂರಬೇಕು. ಒಬ್ಬ ಸಣ್ಣ ಬೆಳೆಗಾರ ಹೀಗೆ ಕೇಳಿದರೆ ಯಾರೂ ಉತ್ತರಿಸುವುದಿಲ್ಲ, ಸಂಘ ಕೇಳಿದರೆ ಉತ್ತರಿಸಲೇಬೇಕಾಗುತ್ತದೆ.

1970ರ ಸುಮಾರಿಗೆ ಅಡಿಕೆಯ ಬೆಲೆ ಬಿದ್ದು ಬೆಳೆಗಾರ ದಿಕ್ಕುಗಾಣದೆ ಇದ್ದಾಗ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ವಾರಣಾಸಿ ಸುಬ್ರಾಯ ಭಟ್ಟರಂಥವರು ಅಂದು ಮಾಡಿದ್ದೂ ಇದನ್ನೇ: ಚದುರಿದ್ದ ಬೆಳೆಗಾರರ ಅಪನಂಬಿಕೆಯನ್ನು ಒಂದು ಸಂಸ್ಥೆಯ ನಂಬಿಕೆಯಾಗಿ ಕಟ್ಟಿದ್ದು. ಅದಕ್ಕೆ ಪರದೇಶದ ಪ್ರಬಂಧ ಬೇಕಾಗಿರಲಿಲ್ಲ. ಆದರೆ ನಮ್ಮ ಹಿರಿಯರು ಅನುಭವದಿಂದ ಕಂಡದ್ದನ್ನು ದೂರದ ವಿದ್ವಾಂಸರೊಬ್ಬರು ಲೆಕ್ಕ ಹಾಕಿ ತೋರಿಸಿರುವುದು ನಮಗೆ ಧೈರ್ಯ ಕೊಡಬೇಕು.

ಪ್ರಮಾಣಪತ್ರ ಬೇಕೇ ಬೇಡವೇ ಎಂಬುದನ್ನು ಸಭೆ ನಿರ್ಧರಿಸಲಿ. ಬೇಕೆಂದಾದರೆ, ಅದು ಗೋಡೆಗೆ ಮಾತ್ರ ಸಿಂಗಾರವಾಗುವುದು ಬೇಡ. ನನ್ನ ಪೆಟ್ಟಿಗೆಯಲ್ಲಿದ್ದ ಗಂಬೂಟನ್ನು ಈ ಮಳೆಗಾಲಕ್ಕೆ ಹೊರತೆಗೆದಿದ್ದೇನೆ. ಒಂದು ಜೊತೆಗೆ ಇಲಿ ಕಡಿದಿತ್ತು, ಬೇರೆ ತಂದಿದ್ದೇನೆ. ಅಂದು ಕೇಳಿದ ಆಳಿಗೆ ಉತ್ತರ ಕೊಡುವುದು ತಡವಾಯಿತು. ಸದಸ್ಯರು ನನ್ನಷ್ಟು ತಡಮಾಡದಿರಲಿ ಎಂಬುದೇ ವಿನಂತಿ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ